ಸೂಜಿ ಹಿಡಿದು ಜಗಳ ತೆಗೆಯುವ ಡಾಕ್ಟರಮ್ಮ

"ನಿಮ್ಮ ನಾರಾಯಣಪೇಟಿ ಸೀರಿ ಏನ್ ಬಿಡು. ಗದ್ವಾಲ ಸೀರಿ ಪಕ್ಕದಾಗ ಇಟ್ರ ಮೈ ಒರಸೋ ಟವೆಲ್ ಇದ್ದಂಗ ಕಾಣ್ತೈತಿ."

ನಾನು ಹೊಟ್ಟೆ ಬಿಟ್ಟುಕೊಂಡು ಮಂಚದ ಮೇಲೆ ಮಲಗಿದ್ದಾಗ, ಸೂಜಿ ಹಿಡಿದು ನಿಂತಿದ್ದ ಡಾಕ್ಟರಮ್ಮ ಆಡಿದ ಮಾತು ಇದು. ನಾನು ನಾರಾಯಣಪೇಟೆಯ ನೇಕಾರರ ಮನೆಯ ಸೊಸೆ. ನನ್ನ ಗಂಡನನ್ನು ಯಾರಾದರೂ ಬೈದರೆ ನಾನೂ ಎರಡು ಮಾತು ಸೇರಿಸಿ ಕೊಡುತ್ತೇನೆ. ಸೀರೆಯನ್ನು ಬೈದರೆ ಬಿಡುವವಳಲ್ಲ. ಮಲಗಿದಲ್ಲಿಂದಲೇ ಕತ್ತೆತ್ತಿದೆ.

"ಏನಂದ್ರಿ? ಗದ್ವಾಲದವರದು ಮೈ ಹತ್ತಿ, ಅಂಚು ರೇಷ್ಮಿ. ಜಗಳಾಡೋ ಇಬ್ಬರು ಸೊಸೆಂದ್ರನ್ನ ಒಂದ ಒಲಿ ಮುಂದ ಕುಂದ್ರಿಸಿದಂಗ! ನಮ್ಮದು ನೋಡ್ರಿ, ಮೈಯೂ ಅಂಚೂ ಒಂದ ಮನಿ ಮಕ್ಕಳಿದ್ದಂಗ..."

"ಅವರ ಸೀರಿ ಮಡಚಿದ್ರ ಬೆಂಕಿಪೊಟ್ಟಣದಾಗ ಹಿಡಿತೈತಂತ."

"ಸೀರಿ ಇರೋದು ಉಡಾಕೋ, ಬೆಂಕಿಪೊಟ್ಟಣದಾಗ ಇಡಾಕೋ?"

"ಆತು, ಏಳು," ಎಂದರು ಡಾಕ್ಟರಮ್ಮ. ಅಷ್ಟರಲ್ಲಿ ಸೂಜಿ ಒಳಗೆ ಹೋಗಿ, ಔಷಧಿ ಇಳಿದು, ಹೊರಗೂ ಬಂದಿತ್ತು. ನನ್ನ ಬಾಯಲ್ಲಿ ಇನ್ನೂ ಅರ್ಧ ಗದ್ವಾಲ ಉಳಿದಿತ್ತು. ನೋವು ಗೊತ್ತಾದದ್ದು ಮನೆಯ ದಾರಿಯಲ್ಲಿ ಬಸ್ ಸ್ಟ್ಯಾಂಡಿನ ತನಕ ಬಂದ ಮೇಲೆ.

ಆ ಡಾಕ್ಟರಮ್ಮ ಈಗ ನಮ್ಮ ಕಡೆ ಇಲ್ಲ. ಕೆಲಸ ಸಾಕು ಎಂದು ಬೋರ್ಡು ಇಳಿಸಿ, ರಾಯಚೂರಿನಲ್ಲಿರುವ ತಂಗಿಯ ಮನೆಗೆ ಹೋಗಿದ್ದಾರೆ. ಚರ್ಮದ ಡಾಕ್ಟರು. ವಾರದಲ್ಲಿ ಕೆಲವು ದಿನ ನಾರಾಯಣಪೇಟೆ, ಕೆಲವು ದಿನ ಮಕ್ತಲ್, ಉಳಿದ ದಿನ ಗದ್ವಾಲ. ಮೂರೂ ಊರಿನ ತುರಿಕೆ, ಗಜಕರ್ಣ, ಮೊಡವೆಗಳೆಲ್ಲ ಅವರ ಆಳ್ವಿಕೆಯಲ್ಲಿದ್ದವು. ಗಿಡ್ಡ ಆಳು, ದಪ್ಪ ಕನ್ನಡಕ, ಕೂದಲ ಗಂಟಿಗೆ ಪಿನ್ನಿನ ಬದಲು ಒಂದು ಪೆನ್ಸಿಲ್ಲು. ಬಿಳಿ ಕೋಟಿನ ಗುಂಡಿಯನ್ನು ಕುತ್ತಿಗೆಯ ತನಕ ಹಾಕಿಕೊಂಡಿರುತ್ತಿದ್ದರು. ಕೋಟು ಪಾದದ ಹತ್ತಿರದವರೆಗೂ ಇಳಿಯುತ್ತಿದ್ದರಿಂದ ಒಳಗೆ ಯಾವ ಸೀರೆ ಉಟ್ಟಿದ್ದಾರೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಸೀರೆಯ ಊರಿನವರಾದ ನಮಗೆ ಇದು ದೊಡ್ಡ ಚಿಂತೆಯಾಗಿತ್ತು. "ಒಳಗ ಗದ್ವಾಲದ್ದ ಉಟ್ಟಿರತಾಳ, ಅದಕ್ಕ ಮುಚ್ಚಿಡತಾಳ," ಎಂದು ನಮ್ಮ ಅತ್ತೆ ತೀರ್ಪು ಕೊಟ್ಟುಬಿಟ್ಟಿದ್ದರು.

ನಾನು ಅವರ ಕೈಗೆ ಸಿಕ್ಕಿದ್ದು ಹೇಗೆಂದು ಮೊದಲು ಹೇಳಬೇಕು.

ನನ್ನ ಮಗಳು ಹೊಟ್ಟೆಯಲ್ಲಿ ಅಡ್ಡ ಮಲಗಿದ್ದಳು. ಇವತ್ತಿಗೂ ಹಾಸಿಗೆಯಲ್ಲಿ ಹಾಗೇ ಮಲಗುತ್ತಾಳೆ, ನಾನೂ ಅವಳಪ್ಪನೂ ಎರಡು ಅಂಚಿಗೆ ನೇತಾಡುತ್ತೇವೆ. ಆಪರೇಷನ್ ಮಾಡಿ ಅವಳನ್ನು ತೆಗೆದರು. ಹೊಲಿಗೆ ಚೆನ್ನಾಗಿಯೇ ಕೂಡಿತು. ಹೊಕ್ಕಳ ಕೆಳಗೆ ಅಡ್ಡಕ್ಕೆ ಒಂದು ತೆಳು ಗೆರೆ. ಮುಗಿಯಿತು ಎಂದುಕೊಂಡೆ. ಮಗಳು ಬೋರಲು ಬೀಳುವ ಹೊತ್ತಿಗೆ ಆ ಗೆರೆ ಊದತೊಡಗಿತು. ಕೆಂಪಗೆ, ನುಣ್ಣಗೆ ಹೊಳೆಯುತ್ತ, ಹಗ್ಗದಂತೆ ದಪ್ಪವಾಯಿತು. ಆಮೇಲೆ ಗಾಯವಿಲ್ಲದ ಕಡೆಗೂ ಏಡಿಯ ಕಾಲಿನಂತೆ ಚಾಚಿಕೊಂಡಿತು. ತುರಿಕೆ ಅಂದರೆ ತುರಿಕೆ. ಸರಿಯಾಗಿ ಅದರ ಮೇಲೆಯೇ ಲಂಗದ ಲಾಡಿ ಬರುವುದು. ಸೀರೆ ನೇಯುವ ಮನೆಯ ಸೊಸೆ ಹಗಲೂ ರಾತ್ರಿ ನೈಟಿಯಲ್ಲಿ ಓಡಾಡತೊಡಗಿದಳು.

ನೈಟಿಯದು ನನಗೆ ಚಿಂತೆಯಾಗಿರಲಿಲ್ಲ. ಚಿಂತೆ ಇದ್ದದ್ದು ಮಗ್ಗದ್ದು.

ನನ್ನ ತವರು ಮರಿಕಲ್. ನಮ್ಮ ತಾತನ ಕಾಲಕ್ಕೇ ಮನೆಯಲ್ಲಿ ಮಗ್ಗ ಕಳಚಿ ಹತ್ತಿಹೊಲಕ್ಕೆ ಇಳಿದಿದ್ದರು. ಮದುವೆಯಾಗಿ ಬಂದಾಗ ನನಗೆ ಲಾಳಿ ಯಾವುದು, ಲಟ್ಟಣಿಗೆ ಯಾವುದು ಎಂದು ತಿಳಿಯುತ್ತಿರಲಿಲ್ಲ. ಓಣಿಯ ಹೆಂಗಸರು, "ಹೊಲದಾಗ ಕಸ ತೆಗಿಯೋ ಕೈಗೆ ಲಾಳಿ ಹತ್ತತೈತೇನ?" ಎಂದು ನಕ್ಕಿದ್ದರು. ಅತ್ತೆ ಬೈದು ಬೈದು ಕಲಿಸಿದರು. ನಾನು ಎಳೆ ಹರಿದು ಹರಿದು ಕಲಿತೆ. ಬಸುರಿಯಾಗಿದ್ದಾಗ ಕೊನೆಗೂ ಒಂದು ಸೀರೆ ಪೂರಾ ನನ್ನದೇ ಎಂದು ಮಗ್ಗಕ್ಕೆ ಉದ್ದೆಳೆಯ ಹಾಸು ಹೂಡಿಕೊಟ್ಟರು. ಹಸಿಮೆಣಸಿನಕಾಯಿ ಬಣ್ಣದ ಮೈ, ಅರಿಶಿಣದ ಅಂಚು. ಅರ್ಧ ನೇಯುವಷ್ಟರಲ್ಲಿ ಹೆರಿಗೆ ನೋವು ಬಂತು.

ನಮ್ಮದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರಬೇಕು. ನೇಯ್ದ ಬಟ್ಟೆ ಸುತ್ತಿಕೊಳ್ಳುವ ಮರದ ದಿಂಡು ತೊಡೆಯ ಮೇಲೆ ಅಡ್ಡಕ್ಕೆ ಬರುತ್ತದೆ. ಎಳೆ ಬಡಿಯಲು ಮುಂದೆ ಬಗ್ಗಿದಾಗಲೆಲ್ಲ ಆ ದಿಂಡು ಹೊಟ್ಟೆಯ ಕೆಳಭಾಗಕ್ಕೆ ತಾಗುತ್ತದೆ. ಎಲ್ಲಿಗೆ ಎಂದರೆ, ಸರಿಯಾಗಿ ಆ ಹಗ್ಗದ ಮೇಲೆ! ಮೊದಲ ದಿನ ಕೂತು ಒಂದು ಸಲ ಬಗ್ಗಿದೆ. ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಮಗು ಮಂಚದಿಂದ ಬಿತ್ತೆಂದು ಓಡಿಬಂದರು.

"ಬಿಡವ್ವ, ನಾನ ಮುಗಸ್ತೀನಿ. ಎಷ್ಟ್ ದಿನ ಅಂತ ಮಗ್ಗ ಖಾಲಿ ಬಿಡೋದು?" ಎಂದರು ಅತ್ತೆ. ಅವರದು ತಪ್ಪಲ್ಲ. ಆದರೆ ಎಳೆ ಬಡಿಯುವ ಕೈ ಒಬ್ಬೊಬ್ಬರದು ಒಂದೊಂದು ಬಿಗಿ. ಅತ್ತೆಯ ಕೈ ಬಿದ್ದರೆ ಅದು ಅತ್ತೆಯ ಸೀರೆ. ಓಣಿಯ ಹೆಂಗಸರ ಮಾತು ನಿಜವಾಗಿಬಿಡುತ್ತದೆ. "ಸ್ವಲ್ಪ ದಿನ ತಡೀರಿ ಅತ್ತಿ," ಎಂದು ಬೇಡಿಕೊಂಡೆ.

ಆ ಸ್ವಲ್ಪ ದಿನದಲ್ಲಿ ನಾನು ಮಾಡಿದ ಮೊದಲ ಘನಕಾರ್ಯ ಬೆಳ್ಳುಳ್ಳಿ. ಫೋನಿನಲ್ಲಿ ಯಾರೋ ಒಬ್ಬಳು ನಗುನಗುತ್ತ, ಬೆಳ್ಳುಳ್ಳಿ ಅರೆದು ಕಟ್ಟಿದರೆ ಯಾವ ಗಂಟೂ ಕರಗುತ್ತದೆ ಎಂದಳು. ಅವಳು ಒಂದು ಎಸಳು ಎಂದಿದ್ದಳು. ನಾನು ನಮ್ಮ ಕುಟುಂಬದ ಲೆಕ್ಕದಲ್ಲಿ ಒಂದು ಇಡೀ ಗಡ್ಡೆ ಅರೆದೆ. ಬಟ್ಟೆ ಸುತ್ತಿಕೊಂಡು ಮಲಗಿದೆ. ನಮ್ಮ ಮನೆಯವರು ಬಾಗಿಲಲ್ಲೇ ಮೂಗು ಅರಳಿಸಿ, "ಇವತ್ತೇನು ಚಟ್ನಿಪುಡಿ ಕುಟ್ಟೀಯೇನ?" ಎಂದರು. ಬಟ್ಟೆ ಬಿಚ್ಚಿದಾಗ ಗಂಟು ಹಾಗೇ ಇತ್ತು, ಸುತ್ತಲ ಚರ್ಮ ಮಾತ್ರ ಸುಟ್ಟು ಬೊಬ್ಬೆ ಎದ್ದಿತ್ತು. ಆ ಬೊಬ್ಬೆ ಹೊತ್ತುಕೊಂಡೇ ಡಾಕ್ಟರಮ್ಮನ ಮುಂದೆ ಕೂತದ್ದು.

"ಕಿವಿ ತೋರಸು," ಎಂದರು.

"ಅಮ್ಮಾ, ಕಿವಿ ಅಲ್ರಿ. ಹೊಟ್ಟಿ."

"ಹೊಟ್ಟಿ ಎಲ್ಲಿ ಓಡಿ ಹೋಗತೈತಿ? ಕಿವಿ ತೋರಸು."

ಕಾಲೇಜಿನಲ್ಲಿದ್ದಾಗ ಗೆಳತಿಯರ ಜೊತೆ ಹುರುಪಿನಲ್ಲಿ ಕಿವಿಯ ಮೇಲ್ಭಾಗಕ್ಕೆ ಇನ್ನೊಂದು ತೂತು ಚುಚ್ಚಿಸಿದ್ದೆ. ಅಲ್ಲೊಂದು ಜೋಳದ ಕಾಳಿನಂಥ ಗಂಟು ಉಳಿದಿತ್ತು. ನಾನು ಅದನ್ನೂ ಒಂದು ಒಡವೆ ಎಂದೇ ತಿಳಿದಿದ್ದೆ. ಡಾಕ್ಟರಮ್ಮ ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು.

"ನಿನ್ನ ಚರ್ಮ ಭಾಳ ಹುರುಪಿಂದು ಐತವ್ವ. ಗಾಯ ಮುಚ್ಚು ಅಂದ್ರ ಮುಚ್ಚಿ ಸುಮ್ಮನಾಗಂಗಿಲ್ಲ. ಮ್ಯಾಲೊಂದು ಮಾಳಿಗಿ ಕಟ್ಟತೈತಿ. ಇದಕ್ಕ ಕೀಲಾಯ್ಡ್ ಅಂತಾರ. ಕ್ಯಾನ್ಸರ್ ಅಲ್ಲ, ಅಂಟುರೋಗ ಅಲ್ಲ. ಹೆರಿಗಿ ಮಾಡ್ದಾಕಿ ತಪ್ಪೂ ಅಲ್ಲ, ನೀ ಬಾಣಂತನದಾಗ ತಿಂದಿದ್ದರದೂ ಅಲ್ಲ."

ಈ ಕೊನೆಯ ಮಾತಿಗೆ ನನಗೆ ಅವರ ಕಾಲು ಹಿಡಿಯಬೇಕೆನಿಸಿತು. ಬಾಣಂತನದಲ್ಲಿ ಕದ್ದು ತಿಂದ ಮಿರ್ಚಿ ಬಜ್ಜಿಯೇ ಹೊಟ್ಟೆಯ ಮೇಲೆ ಎದ್ದು ಬಂದಿದೆ ಎಂದು ಅತ್ತೆ ನಂಬಿದ್ದರು. ನೋಡಲು ಹಾಗೇ ಇತ್ತು ಕೂಡ.

"ಕೊಯ್ದು ತೆಗೆದುಬಿಡ್ರಿ ಅಮ್ಮಾ," ಎಂದೆ.

"ಬರೇ ಕೊಯ್ದ್ರ ಹೊಸಾ ಗಾಯ ಆಗತೈತಿ. ಹೊಸಾ ಗಾಯಕ್ಕ ಮತ್ತ ಮಾಳಿಗಿ. ಈ ಸಲ ಎರಡಂತಸ್ತು ಕಟ್ಟತೈತಿ, ನೋಡ್ತೀಯೇನ?"

ಹಾಲು ಕುಡಿಸುತ್ತೀಯಾ, ಶುಗರ್ ಇದೆಯಾ, ಬೇರೆ ಮಾತ್ರೆ ಏನಾದರೂ ನುಂಗುತ್ತೀಯಾ ಎಂದೆಲ್ಲ ಕೇಳಿದರು. ಮೊದಲು ಬೆಳ್ಳುಳ್ಳಿಯ ಗಾಯ ಆರಲಿ. ಆಮೇಲೆ ತಿಂಗಳಿಗೊಮ್ಮೆ ಆ ಗಂಟಿನ ಒಳಗೇ ಇಂಜೆಕ್ಷನ್. ನಡುವೆ ಅದರ ಮೇಲೆ ಸಿಲಿಕಾನಿನ ಮೆತ್ತನೆ ಹಾಳೆ ಅಂಟಿಸಿಕೊಳ್ಳಬೇಕು. ಮುಟ್ಟು ಒಂದೆರಡು ಸಲ ಹಿಂದುಮುಂದಾದೀತು, ಹೆದರಬೇಡ, ಬಂದು ಹೇಳು ಎಂದರು.

"ಪೂರಾ ಹೋಗತೈತೇನ್ರಿ?"

"ಹೋಗಂಗಿಲ್ಲ. ಮಲಗತೈತಿ."

"ಗ್ಯಾರಂಟಿ ಇಲ್ಲೇನ್ರಿ?"

"ಮಿಕ್ಸಿ ತಗೊಳಾಕ ಬಂದೀಯೇನ ಇಲ್ಲಿ?"

ಸುಳ್ಳು ಹೇಳದ ಡಾಕ್ಟರನ್ನು ನಾನು ನೋಡಿದ್ದು ಅದೇ ಮೊದಲು. ಸಿಟ್ಟೂ ಬಂತು, ಧೈರ್ಯವೂ ಬಂತು. "ಮಗ್ಗಕ್ಕ ಯಾವಾಗ ಕುಂದ್ರಲಿ?" ಎಂದು ಕೇಳಿದ್ದಕ್ಕೆ, "ಅದು ಮಲಗಿದ ಮ್ಯಾಲ ನೀ ಕುಂದ್ರು," ಎಂದರು.

ಆ ಇಂಜೆಕ್ಷನ್ ಎಂಥದ್ದೆಂದು ತಗೊಂಡವರಿಗೇ ಗೊತ್ತು. ಗಂಟು ಗಟ್ಟಿ ರಬ್ಬರಿನಂತೆ. ಅದರೊಳಗೆ ಔಷಧಿ ಇಳಿಯಲು ಒಪ್ಪುವುದೇ ಇಲ್ಲ. ಡಾಕ್ಟರಮ್ಮ ಹೆಬ್ಬೆರಳಿಗೆ ಇಡೀ ಮೈಯ ಭಾರ ಹಾಕಿ ಒತ್ತುತ್ತಿದ್ದರು. ಗೆರೆಯ ಉದ್ದಕ್ಕೂ ಅಲ್ಲೊಂದು ಇಲ್ಲೊಂದು ಚುಚ್ಚಬೇಕು. ಒತ್ತುವಾಗ ಅವರ ಬಾಯಿಂದ ಗದ್ವಾಲದ ಹೊಗಳಿಕೆ ಸುರಿಯುತ್ತಿತ್ತು. ಇವರು ಗದ್ವಾಲದವರಿಂದ ಸೀರೆಯ ಲಂಚ ತಿಂದಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಮನೆಗೆ ಬಂದು ಅತ್ತೆಗೆ ಹೇಳಿದೆ. ಅತ್ತೆ ಊಟ ಬಿಟ್ಟರು. ಮುಂದಿನ ಸಲ ಹೋಗುವಾಗ ತಮ್ಮ ಮದುವೆಯ ನಾರಾಯಣಪೇಟೆ ರೇಷ್ಮೆ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ನನ್ನ ಚೀಲದಲ್ಲಿ ಇಟ್ಟು, "ಇದನ್ನ ಆಕಿ ಮುಖದ ಮುಂದ ಬಿಚ್ಚು," ಎಂದು ಕಳಿಸಿದರು.

ಬಿಚ್ಚಿದೆ. ಡಾಕ್ಟರಮ್ಮ ಕನ್ನಡಕ ಹಣೆಗೇರಿಸಿ, ಅಂಚನ್ನು ಕಣ್ಣಿನ ಹತ್ತಿರ ಹಿಡಿದು, ತುಂಬ ಹೊತ್ತು ನೋಡಿದರು. ನಾನು ಗೆದ್ದೆ ಎಂದುಕೊಂಡು ಮಲಗಿದೆ.

"ಭಾಳ ಚಲೋ ಐತಿ," ಎಂದರು. ಸೂಜಿ ಏರಿಸಿಕೊಂಡರು. "ಗದ್ವಾಲದ್ದೇನ?"

ಆವತ್ತು ನಾನು ಕೂಗಿದ್ದಕ್ಕೆ ಹೊರಗಿನ ಬೆಂಚಿನಲ್ಲಿದ್ದ ಇಬ್ಬರು ಇಂಜೆಕ್ಷನ್ನೇ ಬೇಡವೆಂದು ಎದ್ದು ಹೋದರಂತೆ. ನಾನು ಕೂಗಿದ್ದು ಸೂಜಿಗಲ್ಲ, ಸೀರೆಗೆ.

ಇನ್ನು ನನ್ನ ಎರಡನೇ ಘನಕಾರ್ಯ. ಇದರ ಮುಂದೆ ಬೆಳ್ಳುಳ್ಳಿ ಏನೂ ಅಲ್ಲ.

ಸಿಲಿಕಾನ್ ಹಾಳೆ ಕೊಟ್ಟ ದಿನ ಡಾಕ್ಟರಮ್ಮ, "ದಿನಾ ತೊಳದು ಹಾಕ್ಕೋ. ಮ್ಯಾಲೆ ಮೆತ್ತನ್ನ ಪಟ್ಟಿ ಕಟ್ಟು. ಒಂದ ಸವನ ಒತ್ತಡ ಇದ್ರ ಅದು ತಗ್ಗತೈತಿ," ಎಂದಿದ್ದರು. ಒತ್ತಡ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ತಲೆಯಲ್ಲಿ ದೀಪ ಹತ್ತಿತು. ಒತ್ತಡ ಬೇಕೆಂದರೆ ನಮ್ಮ ಮಗ್ಗದ ದಿಂಡು ಇಲ್ಲವೇ? ಇಷ್ಟು ದಿನ ಯಾವುದನ್ನು ಶತ್ರು ಎಂದುಕೊಂಡಿದ್ದೆನೋ ಅದೇ ಔಷಧಿ! ಇತ್ತ ಗಂಟೂ ತಗ್ಗುತ್ತದೆ, ಅತ್ತ ಸೀರೆಯೂ ಮುಗಿಯುತ್ತದೆ. ಹಲ್ಲು ಕಚ್ಚಿ ಕುಣಿಗೆ ಇಳಿದೆ. ಹೊಟ್ಟೆಯನ್ನು ದಿಂಡಿಗೆ ಒತ್ತಿ ಕೂತೆ. ನೇಯಲು ಆಗಲಿಲ್ಲ, ಸುಮ್ಮನೆ ಒತ್ತಿ ಒತ್ತಿ ಹಿಂದೆ ಮುಂದೆ ತೂಗಿದೆ. ಅತ್ತೆ ಗಾಬರಿಯಾಗಿ, "ಏನಾಗೇತವ್ವ ನಿನಗ? ದೇವರು ಬಂದಂಗ ಮಾಡಾಕತ್ತಿ!" ಎಂದರು. "ಡಾಕ್ಟರಮ್ಮನ ಹೇಳ್ಯಾರ್ರಿ," ಎಂದೆ, ಹಣೆಯ ಬೆವರು ಒರೆಸಿಕೊಂಡು.

ಕೆಲವೇ ದಿನಕ್ಕೆ ಹಾಳೆ ಸುರುಳಿ ಸುತ್ತಿ ಬಿದ್ದುಹೋಯಿತು. ಗಂಟು ಮೊದಲಿಗಿಂತ ಕೆಂಪಗೆ, ಸಿಟ್ಟಾದವರ ತುಟಿಯಂತೆ ಊದಿಕೊಂಡಿತು. ಆವತ್ತು ಡಾಕ್ಟರಮ್ಮ ಮಕ್ತಲ್‌ನಲ್ಲಿರುವ ದಿನ. ಅಲ್ಲಿಗೇ ಓಡಿದೆ.

ಅವರು ನೋಡಿದರು. ಗದ್ವಾಲದ ಮಾತೇ ಬರಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

"ಏನ್ ಮಾಡ್ದಿ?"

ಹೇಳಿದೆ. ಅವರು ಕನ್ನಡಕ ತೆಗೆದು ಕೋಟಿನ ಚುಂಗಿನಿಂದ ನಿಧಾನಕ್ಕೆ ಒರೆಸಿದರು. ನಗು ತಡೆಯುತ್ತಿದ್ದಾರೋ ಸಿಟ್ಟು ತಡೆಯುತ್ತಿದ್ದಾರೋ ತಿಳಿಯಲಿಲ್ಲ.

"ಒತ್ತೋದು ಬ್ಯಾರೆ, ತಿಕ್ಕೋದು ಬ್ಯಾರೆ. ಕೂಸು ಮಲಗಸಾಕ ತಟ್ಟತಾರೋ, ಗುದ್ದತಾರೋ?"

"ತಟ್ಟತಾರ್ರಿ."

"ನೀ ಗುದ್ದೀದಿ."

ನನಗೆ ಅಳು ಬಂತು. ಅಳುತ್ತಲೇ ಅರ್ಧ ಸೀರೆಯ ಕಥೆ ಹೇಳಿದೆ. ಓಣಿಯ ಹೆಂಗಸರು ಅಂದದ್ದು, ಅತ್ತೆ ಮುಗಿಸುತ್ತೇನೆ ಎನ್ನುತ್ತಿರುವುದು, ಮುಗಿಸಿದರೆ ಅದು ನನ್ನದಲ್ಲ ಎನ್ನುವುದು. ಡಾಕ್ಟರಮ್ಮ ಅರ್ಧಕ್ಕೇ ತಡೆದು, "ಐತ್ವಾರ ಮನಿಗೆ ಬರ್ತೀನಿ. ನಿನ್ನ ಮಗ್ಗ ನೋಡಬೇಕು ನಾ," ಎಂದರು.

ಬಂದರು. ರಜೆಯ ದಿನ ಐತ್ವಾರವೂ ಕೋಟು! ಅತ್ತೆ ಚಹಾ ಕೊಡುವ ನೆಪದಲ್ಲಿ ಬಗ್ಗಿ ಬಗ್ಗಿ ಕೋಟಿನ ಕೆಳಗೆ ಇಣುಕಿದರು, ಏನೂ ಕಾಣಲಿಲ್ಲ. ಡಾಕ್ಟರಮ್ಮ ಚಪ್ಪಲಿ ಬಿಟ್ಟವರೇ ಸೀದಾ ಕುಣಿಗೆ ಇಳಿದು ನನ್ನ ಜಾಗದಲ್ಲಿ ಕೂತರು. ದಿಂಡನ್ನು ಮುಟ್ಟಿ ನೋಡಿದರು. ಮುಂದೆ ಬಗ್ಗಿದರು. "ಹೂಂ. ಇಲ್ಲೇ ಹತ್ತತೈತಿ," ಎಂದು ತಮ್ಮ ಹೊಟ್ಟೆಯ ಮೇಲೆ ಬೆರಳಿಟ್ಟು ತೋರಿಸಿದರು. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಹುರುಪಿನಲ್ಲಿ ಲಾಳಿಯನ್ನೂ ಒಗೆದರು. ಪಟಪಟ ಎಂದು ನಾಲ್ಕಾರು ಎಳೆ ಹರಿದವು.

"ಅಮ್ಮಾ! ನನ್ನ ಸೀರಿ!"

"ನಾ ಹೊಲಿಗಿ ಹಾಕೋದು ಕಲ್ತಾಕಿ. ನೇಯೋದಲ್ಲ," ಎಂದರು, ಸ್ವಲ್ಪವೂ ನಾಚದೆ.

ಅತ್ತೆ ಹರಿದ ಎಳೆ ಗಂಟು ಹಾಕಲು ಕೂತರು. ಗಂಟು ಹಾಕುತ್ತಲೇ, "ಹೆಂಗೂ ನಾನ ಮುಗಸಾಕಿ ಬಿಡ್ರಿ," ಎಂದರು. ಡಾಕ್ಟರಮ್ಮ ಕುಣಿಯೊಳಗಿಂದ ಕತ್ತೆತ್ತಿ ನೋಡಿದರು.

"ಏನವ್ವ ಯಜಮಾನ್ತಿ, ನಾ ಅರ್ಧ ಮಾಡಿದ ಆಪರೇಷನ್ ನೀ ಮುಗಸ್ತೀಯೇನ?"

"ಅಯ್ಯ, ಅದು ಹೆಂಗರಿ..."

"ಹಂಗಾದ್ರ ಇದನ್ನೂ ಬಿಡು. ಈ ಸೀರಿ ಈಗ ನನ್ನ ಪೇಷಂಟು. ಆಕಿ ಬರೋ ತನಕ ಯಾರೂ ಮುಟ್ಟಬ್ಯಾಡ್ರಿ."

ನಮ್ಮ ಅತ್ತೆಗೆ ಎದುರು ಮಾತಾಡಿದವರು ನಮ್ಮ ಓಣಿಯಲ್ಲೇ ಇಲ್ಲ. ಆವತ್ತು ಅವರು ಕೊನೆಯ ಎಳೆ ಗಂಟು ಹಾಕಿ ಹಿಂದೆ ಸರಿದರು. ಡಾಕ್ಟರಮ್ಮನಿಗೆ ಕುಣಿಯಿಂದ ಮೇಲೇಳಲು ಬರದೆ, ನಾನೊಂದು ಕೈ ಅತ್ತೆಯೊಂದು ಕೈ ಹಿಡಿದು ಎಳೆದು ತೆಗೆಯಬೇಕಾಯಿತು. ಅವರು ಹೋದ ಮೇಲೆ ಅತ್ತೆ ಮಾವನ ಹಳೇ ಧೋತರ ತಂದು ಮಗ್ಗದ ಮೇಲೆ ಹೊದಿಸಿದರು. ಅತ್ತೆಯ ಕೆಲಸ ಪಕ್ಕದ ಸಣ್ಣ ಮಗ್ಗಕ್ಕೆ ಹೋಯಿತು. ಆ ಧೋತರದ ಕೆಳಗೆ ನನ್ನ ಅರ್ಧ ಸೀರೆ ಧೂಳು ಕಾಣದೆ ನನಗಾಗಿ ಕಾದಿತ್ತು. ನನಗೆ ಆವತ್ತು ಡಾಕ್ಟರಮ್ಮ ಕೊಟ್ಟದ್ದು ಯಾವ ಇಂಜೆಕ್ಷನ್ನಿಗಿಂತಲೂ ದೊಡ್ಡದು.

ಮಗಳಿಗೆ ಜ್ವರ ಬಂದು ಒಂದು ತಿಂಗಳ ಸರದಿ ತಪ್ಪಿತು. ಇನ್ನೂ ತಡ ಮಾಡಬಾರದೆಂದು, ಡಾಕ್ಟರಮ್ಮ ಗದ್ವಾಲದಲ್ಲಿರುವ ದಿನ ನೋಡಿ ಅಲ್ಲಿಗೇ ಹೊರಟೆ. ಕೃಷ್ಣೆಯ ಜೂರಾಲ ಅಣೆಕಟ್ಟು ದಾಟಿ ಶತ್ರುಗಳ ಊರಿಗೆ ಹೋಗುತ್ತಿದ್ದೇನಲ್ಲ ಎಂದು ಬೇಕೆಂದೇ ನಮ್ಮ ನಾರಾಯಣಪೇಟೆ ಸೀರೆಯನ್ನೇ ಉಟ್ಟಿದ್ದೆ. ಲಾಡಿ ತಾಗಿ ಉರಿದರೂ ಪರವಾಗಿಲ್ಲ, ಮಾನ ದೊಡ್ಡದು. ಬೆಂಚಿನ ಮೇಲೆ ಕೂತಿದ್ದೆ. ಪರದೆಯ ಆಚೆಯಿಂದ ಪರಿಚಯದ ದನಿ ಕೇಳಿತು.

"ನಿಮ್ಮ ಗದ್ವಾಲ ಸೀರಿ ಏನ್ ಬಿಡವ್ವ. ನಾರಾಯಣಪೇಟಿ ಸೀರಿ ಮುಂದ ಸೊಳ್ಳಿ ಪರದಿ ಇದ್ದಂಗ."

ನನ್ನ ಕಿವಿ ತಂಪಾಯಿತು. ಕೊನೆಗೂ! ಸತ್ಯ ಎಲ್ಲಿದ್ದರೂ ಒಂದು ದಿನ ಹೊರಗೆ ಬರುತ್ತದೆ! ಮುಂದೆ ಏನು ಮಾಡುತ್ತಿದ್ದೇನೆಂದು ಯೋಚಿಸದೆ ಪರದೆ ಸರಿಸಿ, "ಹಂಗ ಹೇಳ್ರಿ ಅಮ್ಮಾ!" ಎಂದು ಒಳಗೆ ನುಗ್ಗಿದೆ.

ಮಂಚದ ಮೇಲೆ ಒಬ್ಬ ಹೆಂಗಸು ಹೊಟ್ಟೆ ಬಿಟ್ಟುಕೊಂಡು ಮಲಗಿ, ಕತ್ತೆತ್ತಿ, ಕೈ ಆಡಿಸುತ್ತ ಕೂಗುತ್ತಿದ್ದಳು. "ಏಮ್ಮಾ ಡಾಕ್ಟರಮ್ಮಾ, ಸೊಳ್ಳಿ ಪರದಿ ಅಂತೀರಿ? ಆ ನಾರಾಯಣಪೇಟದವರ ಸೀರಿ ಒಂದ್ ಸಲ ಉಟ್ರ ಸೊಂಟ ಹಿಡಿತೈತಿ, ಅಷ್ಟ್ ಭಾರ..." ಡಾಕ್ಟರಮ್ಮನ ಹೆಬ್ಬೆರಳು ಸೂಜಿಯ ಹಿಂದೆ ಬೆಳ್ಳಗಾಗಿತ್ತು. ಅವರು ನನ್ನತ್ತ ತಿರುಗಿ ನೋಡಿದರು. ಕಳ್ಳ ಸಿಕ್ಕಿಬಿದ್ದಾಗ ಮಾಡುವ ಮುಖ ಅದಲ್ಲ. ಅಡುಗೆಮನೆಗೆ ಬೆಕ್ಕು ನುಗ್ಗಿದಾಗ ಮಾಡುವ ಮುಖ.

"ಹೊರಗ ಕುಂದ್ರು."

ಹೊರಗೆ ಕೂತೆ. ಸ್ವಲ್ಪ ಹೊತ್ತಿಗೆ ಆ ಹೆಂಗಸು ಸೆರಗು ಸರಿ ಮಾಡಿಕೊಳ್ಳುತ್ತ ಬಂದು, ನನ್ನ ಸೀರೆ ನೋಡಿ ಹುಬ್ಬು ಗಂಟಿಕ್ಕಿ, ಪಕ್ಕದಲ್ಲೇ ಕೂತಳು. ಗದ್ವಾಲದ ಹತ್ತಿರದ ಮಲ್ದಕಲ್‌ನವಳು, ಅವಳ ಮನೆಯಲ್ಲೂ ಮಗ್ಗ.

"ಪೇಟದಾಕಿ ಏನ?" ಎಂದಳು.

"ಹೂಂ. ಸೊಳ್ಳಿ ಪರದಿಯಾಕಿ ಏನ?"

ಅಲ್ಲಿ ಒಂದು ದೊಡ್ಡ ಜಗಳ ಆಗಬೇಕಿತ್ತು. ಶುರುವೂ ಆಯಿತು. ನಡುವೆ ಅವಳೇ ತಟ್ಟನೆ ನಿಲ್ಲಿಸಿ, "ನಿನಗೇನಂತಾಳ ಆಕಿ?" ಎಂದು ಕೇಳಿದಳು.

"ಗದ್ವಾಲದ ಮುಂದ ನಮ್ಮದು ಟವೆಲ್ ಅಂತಾಳ."

"ಯಾವಾಗ ಅಂತಾಳ?"

"ಸೂಜಿ ಚುಚ್ಚುವಾಗ..."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೊದಲು ನಕ್ಕದ್ದು ಅವಳು. ಆಮೇಲೆ ನಾನು ನಕ್ಕದ್ದಕ್ಕೆ ಹೊಟ್ಟೆಯ ಗಂಟು ಚುರುಗುಟ್ಟಿತು, ಅವಳಿಗೆ ಆಗಷ್ಟೇ ಚುಚ್ಚಿದ ನೋವು ಎದ್ದಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು, "ಅಯ್ಯಯ್ಯೋ" ಎನ್ನುತ್ತ ನಗುತ್ತಿದ್ದುದನ್ನು ನೋಡಿ ಸಿಸ್ಟರ್ ನೀರು ತಂದುಕೊಟ್ಟಳು. ಅವಳದೂ ಆಪರೇಷನ್ನು, ಎರಡನೇ ಹೆರಿಗೆಯಲ್ಲಿ; ಅವಳಿಗೂ ಅದೇ ಏಡಿ. ಬೇರೆ ಪೇಷಂಟುಗಳಿಗೆ ಹೇಳುವುದು ಬೇಡವೆಂದು ಅಲ್ಲೇ ಆಣೆ ಹಾಕಿಕೊಂಡೆವು. ಗುಟ್ಟು ಹೊರಬಿದ್ದರೆ ಎರಡೂ ಊರಿನವರಿಗೆ ನೋವು ಶುರುವಾಗುತ್ತದಲ್ಲ!

ನನ್ನ ಸರದಿ ಬಂತು. ಮಲಗಿ ಕಣ್ಣು ಮುಚ್ಚಿ ಹೇಳಿದೆ: "ಅಮ್ಮಾ, ನನಗೆಲ್ಲಾ ಗೊತ್ತಾತ್ರಿ. ಇನ್ನ ನೀವು ಏನಂದ್ರೂ ನಾ ಸಿಟ್ಟಾಗಂಗಿಲ್ಲ."

"ಜಾಣಿ ಅದಿ," ಎಂದರು. ಸೂಜಿಗೆ ಔಷಧಿ ಎಳೆದುಕೊಂಡರು. "ಅಲ್ಲ, ನಿನ್ನ ಮಗಳು ಚಂದ ಅದಾಳ. ಮೂಗೊಂದು ಸ್ವಲ್ಪ ಚಪ್ಪಟಿ ಆತು ನೋಡು."

"ಏನಂದ್ರಿ? ನಮ್ಮ ತಾತಂದ ಮೂಗು ಅದು! ಮರಿಕಲ್‌ದಾಗ ಕೇಳ್ರಿ..."

"ಆತು, ಏಳು."

ಹೀಗೆ ತಿಂಗಳುಗಳು ಹೋದವು. ತುರಿಕೆ ಮೊದಲು ನಿಂತಿತು. ಹಗ್ಗ ಹುರಿಯಾಯಿತು, ಹುರಿ ದಾರವಾಯಿತು. ಕೆಂಪು ಇಳಿದು ಕಂದು ಬಂತು, ಅಂಚಿನಲ್ಲಿ ಅಲ್ಲಲ್ಲಿ ಬಿಳಿಚಿಕೊಂಡಿತು. ಅವರು ಹೇಳಿದಂತೆಯೇ, ಅದು ಹೋಗಲಿಲ್ಲ. ಮಲಗಿತು. ಒಂದು ದಿನ ಡಾಕ್ಟರಮ್ಮ ಹೆಬ್ಬೆರಳಿನಿಂದ ಅದರ ಉದ್ದಕ್ಕೂ ಒತ್ತುತ್ತ ಬಂದರು. ನಾನು ಕಿರುಚಲಿಲ್ಲ. ಅವರು ಸೂಜಿಯನ್ನೇ ಎತ್ತಲಿಲ್ಲ.

"ಇನ್ನ ಕುಂದ್ರು ಹೋಗು. ಕೆಳಗ ಕೌದಿ ಮಡಚಿ ಹಾಕ್ಕೋ, ಎತ್ತರ ಆಗಲಿ. ದಿಂಡು ತೊಡಿಗೆ ಬರಬೇಕು, ಹೊಟ್ಟಿಗಲ್ಲ. ಮತ್ತ ಎದ್ದಂಗ ಕಂಡ್ರ ಆವತ್ತ ಬಾ, ಬೆಳ್ಳುಳ್ಳಿ ಅರಿಯಾಕ ಕುಂದ್ರಬ್ಯಾಡ."

ಅತ್ತೆ ಧೋತರ ತೆಗೆದರು. ಕೌದಿ ಅವರೇ ಮಡಚಿ ಹಾಕಿದರು. ನಾನು ಕೂತೆ, ಉಸಿರು ಹಿಡಿದು ಮುಂದೆ ಬಗ್ಗಿದೆ. ಪಕ್ಕದ ಮನೆಯವರು ಓಡಿಬರಲಿಲ್ಲ. ಮೊದಲ ದಿನ ಒಂದು ಗೇಣು ನೇಯ್ದೆ. ಉಳಿದ ಅರ್ಧ ಮುಗಿದು ಸೀರೆ ಮಗ್ಗದಿಂದ ಇಳಿದಾಗ ನೋಡಿದರೆ, ನಡುವೆ ಅಡ್ಡಕ್ಕೆ ಒಂದು ಗೀಟು. ಹಳೆಯ ಬಡಿತ ಬಿಗಿ, ಹೊಸ ಬಡಿತ ಸ್ವಲ್ಪ ಸಡಿಲ. ಅಷ್ಟು ದಿನ ಬಿಟ್ಟ ಕೈ ಮರೆತುಬಿಟ್ಟಿತ್ತು. ನಾನು ಮುಖ ಸಣ್ಣ ಮಾಡಿಕೊಂಡೆ. ಅತ್ತೆ ಗೀಟಿನ ಮೇಲೆ ಬೆರಳಾಡಿಸಿ, "ಇರ್ಲಿ ಬಿಡು. ಎರಡೂ ಕಡಿ ನಿನ್ನ ಕೈಯ ಐತಲ್ಲ," ಎಂದರು. ಆಮೇಲೆ ಬಾಗಿಲಿಗೆ ಹೋಗಿ ಓಣಿಗೆಲ್ಲ ಕೇಳುವಂತೆ, "ನಮ್ಮ ಸೊಸಿ ಸೀರಿ ಇಳದೈತಿ, ಬಂದು ನೋಡ್ರಿ," ಎಂದು ಕೂಗಿದರು.

ಡಾಕ್ಟರಮ್ಮ ಕೆಲಸ ಬಿಟ್ಟದ್ದು ಹೆಬ್ಬೆರಳಿನ ದೆಸೆಯಿಂದ. ಇಷ್ಟು ವರ್ಷ ನಮ್ಮಂಥವರ ಗಟ್ಟಿ ಗಂಟುಗಳಿಗೆ ಔಷಧಿ ಒತ್ತಿ ಒತ್ತಿ ಅದು ಮಡಚಲು ಒಪ್ಪುತ್ತಿರಲಿಲ್ಲ. "ನನ್ನ ಮಾತು ಕೇಳಂಗಿಲ್ಲ ಇದು. ನಿಮ್ಮಂಗ ಆಗೇತಿ," ಎಂದು ತೋರಿಸುತ್ತಿದ್ದರು. ಹೊರಡುವ ದಿನ ಮೂರೂ ಊರಿನ ಪೇಷಂಟುಗಳು ನಡುವೆ ಬೀಳುವ ಮಕ್ತಲ್‌ನ ಕ್ಲಿನಿಕ್ಕಿನಲ್ಲಿ ಸೇರಿದೆವು. ಎಲ್ಲರ ಎದೆಯಲ್ಲಿ ಒಂದೇ ಪ್ರಶ್ನೆ: ಇವತ್ತು ಕೋಟು ಇರುವುದಿಲ್ಲ. ಯಾವ ಸೀರೆ?

ಪರದೆ ಸರಿಯಿತು. ಪಾಲಿಯೆಸ್ಟರ್! ಮಿಲ್ಲಿನದು, ಕಂದು ಬಣ್ಣದ ಮೇಲೆ ದೊಡ್ಡ ದೊಡ್ಡ ಹೂವು.

"ಅಮ್ಮಾ, ಇದೇಂ ಅನ್ಯಾಯಮ್ಮಾ!" ಎಂದು ಮಲ್ದಕಲ್‌ನವಳು ಎದೆಗೆ ಕೈ ಹಚ್ಚಿದಳು. ನಮ್ಮ ಅತ್ತೆ ಗೋಡೆ ಹಿಡಿದು ಕೂತರು. ಅಲ್ಲಿಯವರೆಗೆ ಒಂದೊಂದು ಮೂಲೆಯಲ್ಲಿ ನಿಂತಿದ್ದ ಗದ್ವಾಲದವರೂ ನಾರಾಯಣಪೇಟೆಯವರೂ ಒಂದಾಗಿ ಮುತ್ತಿಕೊಂಡರು.

"ಒಗದ್ರ ಲಗೂನ ಒಣಗತೈತಿ. ಇಸ್ತ್ರಿ ಬ್ಯಾಡ," ಎಂದರು ಡಾಕ್ಟರಮ್ಮ, ಶಾಂತವಾಗಿ.

ನಾನು ಆ ಹಸಿಮೆಣಸಿನಕಾಯಿ ಸೀರೆಯನ್ನು ಅವರ ಕೈಗಿಟ್ಟೆ. ಬಸ್ಸಿನಲ್ಲಿ ಬರುವಾಗ ಒಂದು ಮಾತು ಜೋಡಿಸಿಕೊಂಡು ಬಂದಿದ್ದೆ, ಚೆನ್ನಾಗಿತ್ತು, ಕೇಳಿದವರು ಅಳಬೇಕು ಹಾಗಿತ್ತು. ಅವರು ಮಡಿಕೆ ಬಿಚ್ಚಿ, ಮಡಚಲಾಗದ ಆ ಹೆಬ್ಬೆರಳನ್ನು ಸೀರೆಯ ಮೇಲೆ ಆಡಿಸುತ್ತ ಹೋದರು. ಗೀಟಿನ ಹತ್ತಿರ ನಿಂತರು.

"ಇದೇನು?"

"ಅಲ್ಲೇರಿ ನಾ ನಿಂತಿದ್ದು. ಅಲ್ಲಿಂದ ಮುಂದಿಂದು ನೀವು ಕುಂದ್ರು ಅಂದ ಮ್ಯಾಲಿಂದು..." ಎಂದೆ. ಮುಂದಿನ ಮಾತಿಗೆ ಮೊದಲೇ ಸೆರಗು ಕಣ್ಣಿಗೆ ಹೋಯಿತು. ಅವರು ನನ್ನ ಮುಖ ನೋಡಿದರು. ಸೀರೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ನನ್ನ ಜೊತೆಗಿದ್ದ ಮಗಳ ಚಪ್ಪಟೆ ಮೂಗು ಹಿಂಡಿ, ಕಾರಿನಲ್ಲಿ ಕೂತರು. ಗಾಜು ಇಳಿಸಿದರು.

"ಎಲ್ಲಾ ಬರೋಬರಿ ಐತವ್ವ. ಆದ್ರ ಗದ್ವಾಲದಾಗ ನೇಯ್ದಿದ್ರ ಈ ಗೀಟು ಬರ್ತಿರಲಿಲ್ಲ ಬಿಡು."

"ಏನಂದ್ರಿ?"

ಕಾರು ಹೊರಟಿತು. ನಾನು ಪಕ್ಕದಲ್ಲೇ ಓಡಿದೆ. "ಗದ್ವಾಲದವರಿಗೆ ಗೀಟು ಬರಂಗಿಲ್ಲೇನ್ರಿ? ಅವರ ಸೀರಿನ ಎಲ್ಲಾ ಜೋಡಣಿ ಐತಿ! ಅಂಚು ಒಂದು, ಮೈ ಒಂದು..." ಎಂದು ಬೆರಳೆತ್ತಿ ಕೂಗುತ್ತ ಓಡಿದೆ. ಕಾರು ಬಸ್ ಸ್ಟ್ಯಾಂಡಿನ ತಿರುವಿನಲ್ಲಿ ರಾಯಚೂರಿನ ರಸ್ತೆಗೆ ಹೊರಳಿ, ಕಾಣದಾಯಿತು. ನನ್ನ ಬೆರಳು ಇನ್ನೂ ಮೇಲೆಯೇ ಇತ್ತು.

ಮಲ್ದಕಲ್‌ನವಳು ಏದುಸಿರು ಬಿಡುತ್ತ ಬಂದು ಪಕ್ಕದಲ್ಲಿ ನಿಂತಳು.

"ಆತೇನ?"

"ಆತು."

"ನೋವಾತೇನ?"

"ಆವಾಗ ಗೊತ್ತಾಗಲಿಲ್ಲ," ಎಂದೆ. "ಈಗ ಆಗಾಕತ್ತೈತಿ."